ಯಾರೂ ಕೈಹಚ್ಚದ ಗಾಡಿ

ಗುದ್ದಿಕೊಂಡು ಬಂದ ಕಾರುಗಳ ಸುತ್ತ ಸುತ್ತಿ, ನಷ್ಟ ಎಷ್ಟೆಂದು ವಿಮಾ ಕಂಪನಿಗೆ ಬರೆದುಕೊಡುವುದು ಸರ್ವೇಯರನ ಹಗಲಿನ ಕೆಲಸ. ಅದು ಹೊಟ್ಟೆಪಾಡು. ಅವನ ನಿಜವಾದ ಬದುಕು ಶುರುವಾಗುತ್ತಿದ್ದುದು ಸಂಜೆ, ಊಟದ ಮೇಜಿನ ಮೂಲೆಯಲ್ಲಿ ಲ್ಯಾಪ್‌ಟಾಪ್ ತೆರೆದಾಗ. ಹಳೆಯ ಕಾರುಗಳನ್ನು ಮಾರುವ, ಕೊಳ್ಳುವ ಒಂದು ಜಾಲತಾಣಕ್ಕೆ ಅವನು ಅಂಟಿಕೊಂಡಿದ್ದ. ಅಲ್ಲಿ ಹೊಸ ಬಣ್ಣ ಹೊಡೆಸಿಕೊಂಡು ಥಳಥಳಿಸುವ ಕಾರುಗಳ ಕಡೆ ಅವನು ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. ಶೆಡ್ಡಿಗೆ ಹೋದದ್ದು ಹೋದ ಹಾಗೆಯೇ ಧೂಳು ತಿನ್ನುತ್ತ ಕೂತ ಗಾಡಿ ಬೇಕು ಅವನಿಗೆ. ಬಣ್ಣ ಮಾಸಿರಲಿ, ಸೀಟು ಹರಿದಿರಲಿ, ಕಾರ್ಖಾನೆ ಬಿಟ್ಟ ಮೇಲೆ ಯಾರೂ ಕೈಹಚ್ಚಿರಬಾರದು. ಅಂಥ ಕಾರಿಗೆ ಥಳಥಳಿಸುವ ಕಾರಿನ ಮೂರು ಪಟ್ಟು ಬೆಲೆ ಎಂದರೆ ಹೊರಗಿನವರು ನಗುತ್ತಾರೆ. ಅವನ ಹೆಂಡತಿಯೂ ನಗುತ್ತಿದ್ದಳು.

ತಾಣದಲ್ಲಿ ಅವನ ಹೆಸರು ‘ಹಳೇ ಕಣ್ಣು’. ಯಾರಾದರೂ ಕಾರು ಮಾರಾಟಕ್ಕಿಟ್ಟರೆ ಜನ ಮೊದಲು ಕಾಯುತ್ತಿದ್ದುದು ಹಳೇ ಕಣ್ಣು ಏನನ್ನುತ್ತದೆ ಅಂತ. ಬಾಗಿಲ ಕೀಲಿನ ಸ್ಕ್ರೂಗಳ ತಲೆ, ಡಿಕ್ಕಿಯ ಚಾಪೆಯ ಅಡಿ, ಗಾಜಿನ ಸುತ್ತಲಿನ ರಬ್ಬರು, ಇಷ್ಟರ ಫೋಟೊ ಸಿಕ್ಕರೆ ಸಾಕು, ಅವನು ಕಾರಿನ ಜಾತಕವನ್ನೇ ಬಿಚ್ಚಿಡುತ್ತಿದ್ದ. ರಬ್ಬರಿನ ಮೇಲೆ ಬಣ್ಣದ ಹನಿ ಕಂಡರಂತೂ ಕತೆ ಮುಗಿಯಿತು. ಕಾರ್ಖಾನೆಯಲ್ಲಿ ಮೊದಲು ಬಣ್ಣ, ಆಮೇಲೆ ಗಾಜು, ರಬ್ಬರು. ರಬ್ಬರಿಗೆ ಬಣ್ಣ ಸಿಡಿದಿದೆ ಎಂದರೆ ಆಮೇಲೆ ಯಾರೋ ಹೊಡೆಸಿದ್ದಾರೆ ಅಂತಲೇ ಲೆಕ್ಕ. “ಎರಡನೇ ಬಣ್ಣ. ಮುಂದೆ ಹೋಗಿ” ಎಂದು ಅವನು ಬರೆದರೆ ಆ ಕಾರನ್ನು ಆಮೇಲೆ ಕೇಳುವವರೇ ಇರಲಿಲ್ಲ.

ಇಷ್ಟೆಲ್ಲ ಇದ್ದೂ ಅವನ ಸ್ವಂತ ಶೆಡ್ಡು ಖಾಲಿ. ಅವನಿಗೆ ಒಂದೇ ಒಂದು ಮಾಡೆಲ್ಲಿನ ಮೇಲೆ ಮನಸ್ಸು: ಎರಡು ಬಾಗಿಲಿನ, ಗುಂಡು ಬೆನ್ನಿನ, ಕೆನೆ ಬಣ್ಣದ ಪುಟ್ಟ ಕಾರು. ವರ್ಷಕ್ಕೊಂದೋ ಎರಡೋ ಮಾರಾಟಕ್ಕೆ ಬರುತ್ತಿದ್ದವು. ಒಂದಕ್ಕೆ ಎಂಜಿನ್ ಬದಲಾಗಿರುತ್ತಿತ್ತು, ಇನ್ನೊಂದಕ್ಕೆ ಸೀಟು. ಅವನು ಎಲ್ಲದರಲ್ಲೂ ಹುಳುಕು ಹುಡುಕಿ ಬಿಟ್ಟುಬಿಡುತ್ತಿದ್ದ. ಹೆಂಡತಿ ಖಾಲಿ ಶೆಡ್ಡನ್ನು ಗುಡಿಸುವಾಗೆಲ್ಲ, “ರೀ, ಇಲ್ಲಿ ಬಟ್ಟೆ ಒಣಗ್ಹಾಕ್ಲಾ? ನಿಮ್ಮ ಮಹಾರಾಣಿ ಬರೋ ಹೊತ್ತಿಗೆ ತೆಗೀತೀನಿ” ಅನ್ನುತ್ತಿದ್ದಳು.

ಈಗ ಷಡ್ಡಕನ ವಿಷಯಕ್ಕೆ ಬರೋಣ. ಹೆಂಡತಿಯ ತಂಗಿಯ ಗಂಡ. ಹಾಸಿಗೆ ಅಂಗಡಿ ಇಟ್ಟವನು. ಕುಟುಂಬದಲ್ಲೆಲ್ಲ ಅವನನ್ನು ‘ಹಾಸಿಗೆ ಸಾಹುಕಾರ’ ಎಂದೇ ಕರೆಯುತ್ತಿದ್ದರು. ಅವನೂ ಹೌದು ಹೌದು ಎಂದು ನಗುತ್ತಿದ್ದ. ಬಂದ ಗಿರಾಕಿಯನ್ನು ಹಾಸಿಗೆಯ ಮೇಲೆ ಮಲಗಿಸಿ, ತಾನೂ ಪಕ್ಕದ ಹಾಸಿಗೆಯ ಮೇಲೆ ಮಲಗಿ, ಸೂರು ನೋಡುತ್ತ ವ್ಯಾಪಾರ ಮಾಡುವ ಆಸಾಮಿ. ಅತ್ತೆಗೆ ಈ ಕಿರಿ ಅಳಿಯನೆಂದರೆ ಪ್ರಾಣ. ಅವನು ಏನೇ ಮುಟ್ಟಿದರೂ ಸಲೀಸಾಗಿ ಆಗಿಬಿಡುತ್ತಿತ್ತು, ಅದೇ ಸರ್ವೇಯರಿಗೆ ನುಂಗಲಾರದ ತುತ್ತು. ತಾನು ಹತ್ತು ಸಲ ಅಳೆದು ತೂಗಿ ಬೇಡವೆಂದು ಬಿಟ್ಟದ್ದು ಇವನಿಗೆ ದಾರಿಯಲ್ಲಿ ಎಡವಿದಂತೆ ಸಿಗುತ್ತಿತ್ತು.

ಒಂದು ಭಾನುವಾರ ಅವನ ಫೋನು ಬಂತು.

“ಅಣ್ಣ, ಬೈಬೇಡಿ. ಒಂದು ಹಳೇ ಕಾರು ತಗೊಂಡ್ಬಿಟ್ಟೆ. ನಿಮ್ಮ ಸೈಟಲ್ಲೇ ಇತ್ತು. ಫೋಟೊ ಒಂಚೂರೂ ಸರಿ ಇರ್ಲಿಲ್ಲ, ಆದ್ರೆ ನಮ್ಮ ಗೋಡೌನಿನ ಹಿಂದಿನ ಬೀದೀಲೇ ಇದೆ ಅಂತ ಗೊತ್ತಾಯ್ತು, ಹೋಗಿ ನೋಡ್ದೆ. ಮುದ್ದಾಗಿತ್ತು. ತಂದ್ಬಿಟ್ಟೆ.”

“ಯಾವ ಕಾರು?”

“ಎರಡು ಬಾಗಿಲು, ಹಿಂದೆ ಗುಂಡಗೆ. ಕೆನೆ ಬಣ್ಣ. ನೀವೇ ಅದರ ಕೆಳಗೆ ‘ಎರಡನೇ ಬಣ್ಣ, ಮುಂದೆ ಹೋಗಿ’ ಅಂತ ಬರ್ದಿದ್ರಿ. ನಾನು ಮುಂದೆ ಹೋಗ್ಲಿಲ್ಲ, ಅಷ್ಟೆ!”

ಸರ್ವೇಯರಿಗೆ ಆ ಫೋಟೊ ನೆನಪಿತ್ತು. ಮಬ್ಬು ಬೆಳಕಿನಲ್ಲಿ ತೆಗೆದದ್ದು. ಗಾಜಿನ ರಬ್ಬರಿನ ಮೇಲೆ ಸಾಲಾಗಿ ಕೆನೆ ಬಣ್ಣದ ಹನಿಗಳು. ಅವನು ಎರಡನೇ ಸಲ ನೋಡಿರಲೂ ಇಲ್ಲ. ಪರವಾಗಿಲ್ಲ, ಬಣ್ಣ ಹೊಡೆದ ಗಾಡಿ ತಾನೆ, ಇಟ್ಟುಕೊಳ್ಳಲಿ ಎಂದುಕೊಂಡ. ಹಾಗೆಂದುಕೊಂಡರೂ ಮನೆಯಲ್ಲಿ ಕೂರಲಾಗಲಿಲ್ಲ. ಮಧ್ಯಾಹ್ನ ಹೆಂಡತಿಯನ್ನು ಕರೆದುಕೊಂಡು ಹೊರಟ.

ಗೋಡೌನಿನಲ್ಲಿ ಪ್ಲಾಸ್ಟಿಕ್ ಸುತ್ತಿದ ಹಾಸಿಗೆಗಳನ್ನು ಗೋಡೆಗೆ ಒರಗಿಸಿ ಜಾಗ ಮಾಡಿದ್ದರು. ನಡುವೆ ಕಾರು ನಿಂತಿತ್ತು. ಅಕ್ಕ ತಂಗಿ ಇಬ್ಬರೂ ಬಾಗಿಲಲ್ಲೇ ಮಾತಿಗೆ ನಿಂತರು. ಸರ್ವೇಯರು ಜೇಬಿನ ಟಾರ್ಚು ತೆಗೆದು ಮಂಡಿಯೂರಿದ. ಕೀಲಿನ ಸ್ಕ್ರೂಗಳನ್ನು ನೋಡಿದ: ತಲೆಯ ಸೀಳಿನಲ್ಲಿ ಬಣ್ಣ ಒಡೆದಿರಲಿಲ್ಲ, ಅಂದರೆ ಯಾರೂ ಬಿಚ್ಚಿರಲಿಲ್ಲ. ಡಿಕ್ಕಿಯ ಚಾಪೆ ಎತ್ತಿದ: ಕಾರ್ಖಾನೆಯ ಸೀಮೆಸುಣ್ಣದ ಗುರುತು ಹಾಗೇ ಇತ್ತು. ಕೊನೆಗೆ ರಬ್ಬರಿನ ಹನಿಗಳ ಹತ್ತಿರ ಬಂದು, ಹೆಬ್ಬೆರಳಿಗೆ ಎಂಜಲು ಹಚ್ಚಿ ಒಂದು ಹನಿಯನ್ನು ಉಜ್ಜಿದ.

ಹನಿ ಕರಗಿ ಬೆರಳಿಗೆ ಬಂತು. ಅದು ಸುಣ್ಣ. ಹಿಂದಿನ ಮಾಲೀಕ ಶೆಡ್ಡಿನ ಸೂರಿಗೆ ಹಳದಿ ಬೆರೆಸಿದ ಸುಣ್ಣ ಹೊಡೆಸುವಾಗ ಕಾರಿಗೆ ಏನೂ ಹೊದಿಸಿರಲಿಲ್ಲ, ಅಷ್ಟೆ. ಸುಣ್ಣದ ಹನಿಯನ್ನು ಬಣ್ಣದ ಹನಿ ಎಂದು ಓದಲು ಸಾಮಾನ್ಯರಿಂದ ಆಗುವುದಿಲ್ಲ. ಸಾಮಾನ್ಯರು ಹನಿಯನ್ನೇ ನೋಡುವುದಿಲ್ಲ. ಅದಕ್ಕೆ ಹಳೇ ಕಣ್ಣೇ ಬೇಕು.

ಹಾಗಾದರೆ ಇದೇ ಅದು. ಇಷ್ಟು ವರ್ಷ ಕಾದದ್ದು ಇದಕ್ಕೇ. ಯಾರೂ ಕೈಹಚ್ಚಿಲ್ಲ, ಒಂದೇ ಪದರದ ಬಣ್ಣ, ಮೇಲೆ ಧೂಳು. ತಾನು ಎಲ್ಲರನ್ನೂ ಮುಂದೆ ಹೋಗಿ ಎಂದು ಅಟ್ಟಿ, ದಾರಿ ತೆರವು ಮಾಡಿ, ಹಾಸಿಗೆ ಮಾರುವವನ ಕೈಗೆ ಇದನ್ನು ಇಟ್ಟಿದ್ದ. ಸರ್ವೇಯರಿಗೆ ಹೊಟ್ಟೆಕಿಚ್ಚಾಯಿತು. ಬೇರೆ ಹೆಸರಿಟ್ಟು ಮುಚ್ಚುವಂಥದ್ದಲ್ಲ ಅದು. ಹೊಟ್ಟೆಯಿಂದ ಕಿವಿಯ ತನಕ ಉರಿಯಿತು.

“ಏನಣ್ಣ?” ಹಿಂದಿನಿಂದ ಷಡ್ಡಕ ಕೇಳಿದ. “ಅಷ್ಟು ಹೊತ್ತು ನೋಡ್ತಿದ್ದೀರಲ್ಲ. ನೀವು ಬರೆದದ್ದು ಸರೀನಾ?”

ಹೆಬ್ಬೆರಳನ್ನು ಪ್ಯಾಂಟಿಗೆ ಒರೆಸಿಕೊಂಡ ಸರ್ವೇಯರು. “ಸರಿ” ಅಂದ. “ಎರಡನೇ ಬಣ್ಣ. ಕೆಲಸ ಮಾಡಿದವನು ಚೆನ್ನಾಗೇ ಮಾಡಿದ್ದಾನೆ, ಆದ್ರೆ ಎರಡನೇದೇ. ದೊಡ್ಡ ಬೆಲೆ ಏನಿಲ್ಲ.”

“ಛೆ.”

“ಜಾಗ ಬೇರೆ ತಿನ್ನುತ್ತೆ ನಿಂಗೆ ಇಲ್ಲಿ. ಬೇಡ ಅನ್ಸಿದ್ರೆ ಹೇಳು. ನನ್ನ ಶೆಡ್ಡು ಹೇಗೂ ಖಾಲಿ. ನೀನು ಕೊಟ್ಟಷ್ಟನ್ನ ಕೊಟ್ಟು ನಾನೇ ಇಟ್ಕೋತೀನಿ.”

ಮಾತು ಇಷ್ಟು ಸಲೀಸಾಗಿ ಬಾಯಿಂದ ಬಂದದ್ದಕ್ಕೆ ಅವನಿಗೇ ಆಶ್ಚರ್ಯವಾಯಿತು. ಷಡ್ಡಕ ಒಂದು ಗಳಿಗೆ ಅವನ ಮುಖ ನೋಡಿದ. ಆಮೇಲೆ ಅವನ ಕಣ್ಣು ತುಂಬಿತು.

“ನೀವು ಎಂಥ ಮನುಷ್ಯರು ಅಣ್ಣ! ನಾನು ಮೋಸಹೋದೆ ಅಂತ ನನ್ನ ನಷ್ಟ ನಿಮ್ಮ ತಲೆ ಮೇಲೆ ಹಾಕ್ಕೊಳಕ್ಕೆ ಹೊರಟಿದ್ದೀರಲ್ಲ. ಹಳೇ ಕಣ್ಣಿನ ಶೆಡ್ಡಲ್ಲಿ ಎರಡನೇ ಬಣ್ಣದ ಗಾಡಿ ಇದೆ ಅಂತ ಗೊತ್ತಾದ್ರೆ ಜನ ಏನಂದಾರು? ನಿಮ್ಮ ಮರ್ಯಾದೆ ಕಳೆಯೋ ಕೆಲಸ ನಾನು ಸತ್ರೂ ಮಾಡಲ್ಲ.”

“ಅಯ್ಯೋ, ಜನ ಏನಾದ್ರೂ ಅನ್ಲಿ...”

“ಆಗಲ್ಲ ಅಂದ್ರೆ ಆಗಲ್ಲ. ಒಂದ್ ಲೆಕ್ಕಕ್ಕೆ ಒಳ್ಳೇದೇ ಆಯ್ತು. ‘ಮೊದಲ ಬಣ್ಣ ಇದ್ರೆ ಒದ್ದೆ ಬಟ್ಟೇನೂ ತಾಗಿಸ್ಬೇಡಿ’ ಅಂತ ನೀವು ಬರ್ದಿದ್ದು ಓದಿ, ಎಲ್ಲಾದ್ರೂ ಮೊದಲ ಬಣ್ಣವೇ ಆಗಿದ್ರೆ ಅಂತ ನಾನು ಧೂಳು ಒರೆಸಕ್ಕೂ ಹೆದರ್ತಿದ್ದೆ. ಈಗ ಹೆದರಿಕೆ ಇಲ್ವಲ್ಲ! ನಮ್ಮವಳಿಗೆ ಹಸಿರು ಅಂದ್ರೆ ಇಷ್ಟ. ಗುರುವಾರನೇ ಪೇಂಟರ್ ಹತ್ರ ಬಿಡ್ತೀನಿ.”

ಸರ್ವೇಯರು ತಡೆಯಲು ನೋಡಿದ. “ಅವಸರ ಯಾಕೆ?” ಅಂದ. “ಇರ್ಲಿ, ನೋಡೋಣ” ಅಂದ. ನಿಜ ಒಂದು ಬಿಟ್ಟು ಉಳಿದದ್ದೆಲ್ಲ ಅಂದ. ಷಡ್ಡಕ ಅಷ್ಟೊತ್ತಿಗಾಗಲೇ ಹೆಂಡತಿಯನ್ನು ಕೂಗಿ, ಎಂಥ ಹಸಿರು, ಎಲೆ ಹಸಿರೋ ಗಿಳಿ ಹಸಿರೋ ಎಂದು ಕೇಳುತ್ತಿದ್ದ.

ಆ ವಾರ ಸರ್ವೇಯರು ಊಟ ಸರಿಯಾಗಿ ಮಾಡಲಿಲ್ಲ. ಅವನ ವಾದ ಹೀಗಿತ್ತು: ಗಾಡಿ ಅವನದು, ಬಣ್ಣ ಹೊಡೆಸಿಕೊಂಡರೆ ನನಗೇನು? ಮರುಗಳಿಗೆಗೆ ಆ ಕೆನೆ ಬಣ್ಣ ಕಣ್ಣ ಮುಂದೆ ಬರುತ್ತಿತ್ತು, ಬಾನೆಟ್ಟಿನ ಮೇಲೆ ಬಿಸಿಲಿಗೆ ತೆಳುವಾದ ಜಾಗ, ಚಾಲಕನ ಮೊಣಕೈ ಸವೆಸಿದ ಬಾಗಿಲಂಚು. ಅದನ್ನು ಕೆರೆದು ತೆಗೆದರೆ ಮತ್ತೆ ಯಾರಪ್ಪನಿಂದಲೂ ತರಲು ಆಗುವುದಿಲ್ಲ. ನಿಜ ಹೇಳಿದರೆ ಗಾಡಿ ಉಳಿಯುತ್ತದೆ, ಆದರೆ ಷಡ್ಡಕನ ಬಳಿ ಉಳಿಯುತ್ತದೆ. ಅದೂ ಮೂರು ಪಟ್ಟು ಬೆಲೆಯ ಗಾಡಿಯಾಗಿ, ತಾಣದಲ್ಲಿ ಎಲ್ಲರೂ ಹೊಗಳುವ ಗಾಡಿಯಾಗಿ. ಅತ್ತೆ ಅದನ್ನು ಬಂದವರಿಗೆಲ್ಲ ತೋರಿಸುತ್ತಾಳೆ. ಹಳೇ ಕಣ್ಣು ಬೇಡವೆಂದದ್ದನ್ನು ಹಾಸಿಗೆಯವನು ಗುರುತಿಸಿದ ಎಂದು ಊರೆಲ್ಲ ಆಡಿಕೊಳ್ಳುತ್ತದೆ. ಇಷ್ಟು ನೆನೆದದ್ದೇ, ಕೈಗೆತ್ತಿಕೊಂಡ ಫೋನನ್ನು ಮತ್ತೆ ಕೆಳಗಿಡುತ್ತಿದ್ದ.

ಗುರುವಾರ ತಡೆಯಲಾಗಲಿಲ್ಲ. ಒಂದು ಅಪಘಾತದ ಲಾರಿಯನ್ನು ಅರ್ಧ ನೋಡಿ, ಉಳಿದರ್ಧ ಆಮೇಲೆ ಎಂದು ಹೇಳಿ, ಪೇಂಟರನ ಶೆಡ್ಡಿಗೆ ಓಡಿದ. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಜೋಡಿಸಿಕೊಂಡ. ‘ಸುಣ್ಣ ಕಣೋ ಅದು. ತಪ್ಪು ನಂದು. ನಿಲ್ಸು.’ ಮೂರೇ ಮಾತು.

ಶೆಡ್ಡಿನಲ್ಲಿ ಕೆರೆಯುವ ಮೆಷಿನ್ನು ಗುಯ್ಯೆನ್ನುತ್ತಿತ್ತು. ಒಂದು ಬಾಗಿಲು ಆಗಿತ್ತು; ಉಳಿದದ್ದಕ್ಕೆ ಇನ್ನೂ ಕೈಹಾಕಿರಲಿಲ್ಲ. ಬಾಗಿಲಲ್ಲಿ ಕೆನೆ ಬಣ್ಣದ ಕೆಳಗೆ ಬರೀ ತಗಡು ಹೊಳೆಯುತ್ತಿತ್ತು, ನಡುವೆ ಇನ್ನೊಂದು ಬಣ್ಣದ ಗೆರೆಯೂ ಇರಲಿಲ್ಲ. ಅದನ್ನು ಓದಬಲ್ಲವನು ಅಲ್ಲಿ ಅವನೊಬ್ಬನೇ. ಷಡ್ಡಕ ಅವನನ್ನು ಕಂಡದ್ದೇ ಮೆಷಿನ್ನು ನಿಲ್ಲಿಸಲು ಹೇಳಿ, ಹೆಗಲ ಮೇಲೆ ಕೈಹಾಕಿ ಪೇಂಟರನ ಮುಂದೆ ನಿಲ್ಲಿಸಿದ.

“ನೋಡಪ್ಪ, ನಾನು ಹೇಳ್ತಿದ್ದೆನಲ್ಲ, ಇವ್ರೇ ನಮ್ಮಣ್ಣ. ಗಾಡಿ ವಿಷಯದಲ್ಲಿ ಇವ್ರು ಒಂದ್ಮಾತು ಅಂದ್ರೆ ಮುಗೀತು. ಇವತ್ತಿನ ತನಕ ಒಂದ್ಸಲಾನೂ ತಪ್ಪಿಲ್ಲ.”

ಪೇಂಟರು ಮೂಗಿಗೆ ಕಟ್ಟಿದ ಬಟ್ಟೆ ಇಳಿಸಿ ಕೈಮುಗಿದ. ಸರ್ವೇಯರನ ಬಾಯಿ ತೆರೆಯಿತು. ಬಾನೆಟ್ಟು ಇನ್ನೂ ಹಾಗೇ ಇತ್ತು, ಬೆನ್ನು ಹಾಗೇ ಇತ್ತು, ಮುಕ್ಕಾಲು ಪಾಲು ಗಾಡಿ ಇನ್ನೂ ಹಾಗೇ ಇತ್ತು.

“ಧೂಳು ಜಾಸ್ತಿ ಇದೆ, ಹುಷಾರು” ಅಂದ ಅವನು. “ಮುಂದುವರ್ಸಿ.”

ಅಲ್ಲಿಂದ ಹೊರಬಂದು ಬೀದಿಯಂಚಿನಲ್ಲಿ ನಿಂತಾಗ ಒಂದು ಕೆಟ್ಟ ಸಮಾಧಾನ ಅವನಿಗಿತ್ತು. ನನಗೆ ಸಿಗದಿದ್ದರೆ ಹೋಗಲಿ, ಇನ್ನು ಅವನಿಗೂ ಇಲ್ಲ. ಆ ಕಾರು ಇನ್ನು ಯಾರ ಬಳಿಯೂ ಇಲ್ಲ. ಹೊಟ್ಟೆಕಿಚ್ಚಿಗೆ ಇನ್ನು ಕಾರಣವೇ ಇಲ್ಲವಲ್ಲ ಎಂದುಕೊಂಡ. ಮನೆಗೆ ಹೋಗಿ ಹೊಟ್ಟೆ ತುಂಬ ಉಂಡ.

ಹಸಿರು ಕಾರು ಸಿದ್ಧವಾದ ದಿನ ಷಡ್ಡಕ ಅದನ್ನು ನೇರವಾಗಿ ಇವನ ಮನೆಯ ಮುಂದೆ ತಂದು ನಿಲ್ಲಿಸಿ ಹಾರನ್ನು ಬಾರಿಸಿದ. ಗಿಳಿ ಹಸಿರೇ ಗೆದ್ದಿತ್ತು. ಸೀಟಿಗೆ ಹೊಸ ಬಟ್ಟೆ. ಒಳಗೆ ಅಂಗಡಿಯ ಒಳ್ಳೆಯ ಸ್ಪಂಜು ತುಂಬಿಸಿದ್ದ. ಮುಂದೆ ಷಡ್ಡಕನ ಪಕ್ಕದಲ್ಲಿ ಅವನ ಹೆಂಡತಿ, ಹಿಂದೆ ಅತ್ತೆ.

“ಹತ್ತಿ ಭಾವ, ಒಂದು ಸುತ್ತು ಹೋಗ್ಬರೋಣ” ಎಂದಳು ನಾದಿನಿ. ಹಿಂದಿನ ಸೀಟಿನಲ್ಲಿ ಅತ್ತೆಗೂ ತನ್ನ ಹೆಂಡತಿಗೂ ನಡುವೆ ಸರ್ವೇಯರು ಮಂಡಿ ಗಲ್ಲಕ್ಕೆ ತಾಗುವಂತೆ ಮುದುಡಿ ಕೂತ. ಅಭ್ಯಾಸಬಲದಿಂದ ಕಣ್ಣು ಲೆಕ್ಕ ಹಾಕಿತು: ಮೂರರಲ್ಲಿ ಎರಡು ಪಾಲು ಬೆಲೆ ಹೋಯಿತು. ಈಗ ಇದು ಸಂತೋಷ ಕೊಡಬೇಕಿತ್ತು.

“ಈಗ ಏನು ಬೆಲೆ ಬಾಳುತ್ತಣ್ಣ?” ಕನ್ನಡಿಯಲ್ಲಿ ನೋಡುತ್ತ ಷಡ್ಡಕ ಕೇಳಿದ. ಇವನು ಬಾಯಿ ತೆರೆಯುವ ಮೊದಲೇ, “ಬಿಡಿ, ಮಾರೋರಿಗೆ ತಾನೇ ಅದೆಲ್ಲ” ಎಂದು ತಾನೇ ನಕ್ಕ. ನಾದಿನಿ ಕಿಟಕಿಯಿಂದ ಕೈ ಹೊರಗೆ ಚಾಚಿ ಗಾಳಿ ಹಿಡಿಯುತ್ತಿದ್ದಳು. ಅತ್ತೆ ಪಾದದಲ್ಲಿ ತಾಳ ಹಾಕುತ್ತಿದ್ದಳು. ರಸ್ತೆಯಲ್ಲಿ ಹೋಗುತ್ತಿದ್ದವರು ನಿಂತು ನೋಡಿ ನಗುತ್ತಿದ್ದರು, ಷಡ್ಡಕ ಒಬ್ಬೊಬ್ಬರಿಗೂ ಕೈಬೀಸುತ್ತಿದ್ದ. ಸರ್ವೇಯರನ ಹೊಟ್ಟೆಯಲ್ಲಿ ಅದೇ ಉರಿ, ಅಷ್ಟೇ ಉರಿ. ಹಾಳು ಮಾಡಲು ಇನ್ನೇನೂ ಉಳಿದಿರಲಿಲ್ಲ.

“ಏನ್ರೀ, ಯಾಕೆ ಮುಖ ಹಾಗೆ?” ಹೆಂಡತಿ ಕೇಳಿದಳು.

“ಹೊಟ್ಟೆಕಿಚ್ಚು” ಅಂದ ಅವನು.

ಅವಳು ಕಿಸಕ್ಕನೆ ನಕ್ಕಳು. “ಕೇಳಿದ್ರಾ, ನಮ್ಮವ್ರಿಗೆ ಹೊಟ್ಟೆಕಿಚ್ಚಂತೆ!” ಎಂದು ಮುಂದಕ್ಕೆ ಕೂಗಿದಳು. ಕಾರಿಗೆ ಕಾರೇ ನಕ್ಕಿತು. ಅತ್ತೆ ಕಣ್ಣೊರೆಸಿಕೊಳ್ಳುವಷ್ಟು ನಕ್ಕಳು.

“ನಿಜವಾಗ್ಲೂ” ಅಂದ ಸರ್ವೇಯರು. “ಮೊದಲ ದಿನದಿಂದ.”

ಅದಕ್ಕೆ ನಗು ಇನ್ನೂ ಜೋರಾಯಿತು.

“ಅಷ್ಟೇ ತಾನೆ! ಬನ್ನಿ ಅಣ್ಣ, ನೀವೇ ಓಡ್ಸಿ” ಎಂದು ಷಡ್ಡಕ ಕಾರನ್ನು ಪಕ್ಕಕ್ಕೆ ನಿಲ್ಲಿಸಿ ಇಳಿದೇಬಿಟ್ಟ. ಬೇಡವೆಂದರೂ ಬಿಡದೆ ಕೈಹಿಡಿದು ಎಳೆದು ಮುಂದೆ ಕೂರಿಸಿ, ತಾನು ಹಿಂದೆ ಇವನು ಬಿಟ್ಟ ಇಕ್ಕಟ್ಟಿನಲ್ಲಿ ತೂರಿಕೊಂಡ.

ಎಂಜಿನ್ನಿನ ಸದ್ದು ಸೊಗಸಾಗಿತ್ತು. ಸ್ಟೇರಿಂಗು ಅವನ ಕೈಗೆ ಅಳತೆ ಕೊಟ್ಟು ಮಾಡಿಸಿದಂತೆ ಕೂತಿತು. ಎಷ್ಟೋ ವರ್ಷ ಬಯಸಿದ ಕಾರಿನಲ್ಲಿ, ಬಯಸಿದ ಜಾಗದಲ್ಲೇ ಅವನು ಕೂತಿದ್ದ. ಕನ್ನಡಿಯಲ್ಲಿ ನೋಡಿದ. ಹಿಂದೆ ಷಡ್ಡಕ, ಮಂಡಿ ಗಲ್ಲಕ್ಕೆ ತಾಗುತ್ತಿದ್ದರೂ ಸೀಟಿಗೆ ತಲೆಯಾನಿಸಿ, ಅತ್ತೆಯ ತಾಳಕ್ಕೆ ಬೆರಳು ಕುಣಿಸುತ್ತ, ಕಣ್ಣು ಮುಚ್ಚಿ ಹಾಯಾಗಿದ್ದ. ಸರ್ವೇಯರಿಗೆ ಈಗ ಆ ಹಿಂದಿನ ಸೀಟಿನ ಮೇಲೆ ಹೊಟ್ಟೆಕಿಚ್ಚಾಯಿತು.