ಇಂಗ್ಲಿಷ್ ತಾಸು

“ಸಹಿ ಮಾಡಂಗಿಲ್ಲ ಅಂದ್ರ ಮಾಡಂಗಿಲ್ಲ. ಕಿವಿ ಕೇಳ್ತಾವಿಲ್ಲೋ?”

ಬಸಲಿಂಗವ್ವ ಕಾಗದವನ್ನು ಸಹಪಾಠಿ ಗದಿಗೆಪ್ಪನ ಕಡೆಗೇ ಸರಿಸಿದಳು. ಪರೇಲಿನ ಆ ಕನ್ನಡ ಶಾಲೆಯ ಹತ್ತನೆಯ ಇಯತ್ತೆಯಲ್ಲಿ ಮೂವತ್ತೊಂದು ಮಕ್ಕಳು. ಮೂವತ್ತು ಸಹಿ ಬಿದ್ದಾಗಿತ್ತು. ನಮಗೆ ಇಂಗ್ಲಿಷ್ ಬೇಡ, ಅದನ್ನು ಬಿಟ್ಟೇ ಎಸ್ಸೆಸ್ಸಿ ಪರೀಕ್ಷೆಗೆ ಕೂರುತ್ತೇವೆ ಎಂಬ ಅರ್ಜಿ ಅದು. ಬೇಕಾದವರು ಕಲಿಯಲಿ, ಬೇಡಾದವರು ಬಿಡಲಿ ಎಂದು ಸರಕಾರವೇ ದಾರಿ ಬಿಟ್ಟಿತ್ತು. ಎಂಟನೆಯದರಲ್ಲಿ ಎಬಿಸಿ ಹಿಡಿದ ಮಕ್ಕಳು ಎರಡೇ ವರ್ಷಕ್ಕೆ ಏದುಸಿರು ಬಿಡುತ್ತಿದ್ದರು. ಹೆಡ್‌ಮಾಸ್ತರರು ಹೇಳಿಬಿಟ್ಟಿದ್ದರು: ಇವತ್ತಿನ ಇಂಗ್ಲಿಷ್ ತಾಸಿಗೆ ಯಾರೂ ಕೂರದಿದ್ದರೆ ನಾಳೆಯಿಂದ ಆ ತಾಸೇ ಇಲ್ಲ.

“ಸಾಹೇಬ ಹಡಗ ಹತ್ತಿ ಹೋಗಿ ಏಳು ವರ್ಷಾತು,” ಎಂದ ಗದಿಗೆಪ್ಪ. “ಅವನ ಭಾಷಾ ನಾವ್ಯಾಕ ಹೊತ್ಕೊಂಡ ತಿರಗೂದು?”

“ಸಾಹೇಬ ಹೋದ. ದವಾಖಾನಿ ಬಾಟ್ಲಿ ಮ್ಯಾಲಿನ ಚೀಟಿ ಹೋಗಿಲ್ಲಲ್ಲ.”

“ಓಹೋ, ನರ್ಸಬಾಯಿ. ಹಾದಿ ಬಿಡ್ರಪಾ, ಮೇಮ್‌ಸಾಬ್ ಬಂದ್ರು.”

ಹುಡುಗರು ನಕ್ಕರು. ಹುಡುಗಿಯರೂ ನಕ್ಕರು, ಬಸಲಿಂಗವ್ವನ ಬೆಂಚಿನಲ್ಲೇ ಕೂರುವ ವಾರಿಜಾ ಕೂಡ. ಅವಳಿಗೆ ಚುರುಕ್ಕೆಂದದ್ದು ಆ ನಗುವೇ. ಇಂಗ್ಲಿಷ್ ಪಾಸಾಗದವರನ್ನು ನರ್ಸಿಂಗ್ ಶಾಲೆಯವರು ಬಾಗಿಲಿಗೂ ಸೇರಿಸರು. ಅಲ್ಲಿ ಆಗದಿದ್ದರೆ ಅವ್ವ ಮಲ್ಲವ್ವನ ಬೆನ್ನಿಗೆ ತಾನೂ ಮಿಲ್ಲಿಗೆ ನೂಲು ಸುತ್ತಲು ಹೋಗಬೇಕು. ಇದು ವಾರಿಜಾಗೆ ಗೊತ್ತಿಲ್ಲದ್ದೇನಲ್ಲ.

ಗಂಟೆಯಾಯಿತು. ಎಲ್ಲರೂ ಪಾಟಿಚೀಲ ಹೊತ್ತು ಅಂಗಳಕ್ಕಿಳಿದರು. ಬಸಲಿಂಗವ್ವ ಎದ್ದು, ತನ್ನ ಹಿಂದಿನ ಬೆಂಚು ಬಿಟ್ಟು, ಎಲ್ಲಕ್ಕಿಂತ ಮುಂದಿನದರಲ್ಲಿ ಹೋಗಿ ಕುಳಿತಳು.

ಇಂಗ್ಲಿಷ್ ಕಲಿಸುವ ಕಾಂತಪ್ಪ ಮಾಸ್ತರು ಉಡುಪಿಯ ಕಡೆಯವರು. ಬಾಗಿಲಲ್ಲೇ ನಿಂತುಬಿಟ್ಟರು.

“ಒಬ್ಬಳಿಗೋಸ್ಕರ ಪಾಠ ಮಾಡುದಾ ಮಾರಾಯ್ತಿ? ಮನೆಗೆ ಹೋಗು.”

“ಹಾಜರಿ ತಗೋರಿ ಸರ್.”

“ಯಾರದ್ದು?”

“ಎಲ್ಲಾರದೂ.”

ಮಾಸ್ತರು ಒಳಗೆ ಬಂದರು. ಕುರ್ಚಿ ಎಳೆದು ಕುಳಿತು ಹಾಜರಿ ಪುಸ್ತಕ ಬಿಡಿಸಿದರು. ಒಂದರಿಂದ ಕರೆದರು. ಪ್ರತಿ ನಂಬರಿಗೂ, ಎದುರಿಗೆ ಯಾರೋ ಕುಳಿತಿದ್ದಾರೆಂಬಂತೆ, ತಡೆದು ಕಾದರು. ಹತ್ತೊಂಬತ್ತಕ್ಕೆ ಅವಳು ಎದ್ದು ನಿಂತು, ಅಂಗಳಕ್ಕೂ ಮುಟ್ಟುವ ಹಾಗೆ “ಹಾಜರ್” ಎಂದಳು. ಅವರು ಅಲ್ಲಿಗೆ ಬಿಡಲಿಲ್ಲ. ಮೂವತ್ತೊಂದರ ತನಕ ಕರೆದೇ ಪುಸ್ತಕ ಮಡಚಿದರು.

“ಏಳನೇ ಪಾಠ. ಓದು ಕಾಂಬ.”

ಹೊರಗೆ “ಮೇಮ್‌ಸಾಬ್, ಮೇಮ್‌ಸಾಬ್” ಎಂಬ ರಾಗ ಎದ್ದಿತು. ಮಾಸ್ತರು ಕಿಟಕಿ ಮುಚ್ಚಲು ಹೋದರು.

“ಇರ್ಲಿ ಬಿಡ್ರಿ ಸರ್. ಕೇಳ್ಲಿ.”

ರೊಟ್ಟಿ ಬಡಿದಂತೆ ಒಂದೊಂದು ಶಬ್ದವನ್ನೂ ತಟ್ಟಿ ತಟ್ಟಿ, ತಪ್ಪಿದಲ್ಲಿ ಹಿಂದಕ್ಕೆ ಬಂದು, ದನಿ ಮಾತ್ರ ಇಳಿಸದೆ ಓದಿದಳು. ಹೊರಗಿನ ರಾಗ ಮೆಲ್ಲಗೆ ದಣಿಯಿತು. ಪುಟ ತಿರುವುವಾಗ ತಲೆ ಎತ್ತಿದಳು. ಕಿಟಕಿಯಾಚೆ ವಾರಿಜಾ ಅಂಗಳಕ್ಕೆ ಬೆನ್ನು ಮಾಡಿ, ಸರಳು ಹಿಡಿದು ನಿಂತಿದ್ದಳು. ಅವಳ ತುಟಿಗಳು ಸದ್ದಿಲ್ಲದೆ ಅಲುಗುತ್ತಿದ್ದವು.