ಗಿರಿಯಮ್ಮನ ಜಯಕಾರ

"ತಡಿ," ಎಂದ ಹನುಮಂತರಾಯ. ಹೆಣದ ಸಿದಿಗೆ ಎತ್ತಲು ಬಗ್ಗಿದ್ದ ನಾಲ್ವರಲ್ಲಿ ಅವನೂ ಒಬ್ಬ. ಬಿದಿರಿನ ಮೇಲಿಟ್ಟ ಕೈಯನ್ನು ಹಿಂದಕ್ಕೆ ತೆಗೆದುಕೊಂಡು ನೆಟ್ಟಗೆ ನಿಂತ. "ವೆಂಕೋಬ, ಏನು ಕೂಗಾಂವ ನೀ? ಮೊದಲ ಅದನ್ನ ಹೇಳು."

ವೆಂಕೋಬ ತಾಯಿಯ ತಲೆಯ ಬಳಿ ನಿಂತಿದ್ದ. ಗಿರಿಯಮ್ಮ ಬೆಳಗಿನ ಜಾವ ತೀರಿಕೊಂಡಿದ್ದಳು. ತವರಿನ ಸೀರೆ ಬರದೆ ಹೆಣ ಎತ್ತುವಂತಿರಲಿಲ್ಲ. ಅವಳ ತಮ್ಮ ಹನುಮಂತರಾಯ ಸಿಂಧನೂರಿನಿಂದ ಹಸಿರು ಸೀರೆ ತಂದು ಹೊದಿಸುವಷ್ಟರಲ್ಲಿ ಗುರುಗುಂಟಾದ ಆ ಓಣಿಯಲ್ಲಿ ನೆರಳೇ ಉಳಿದಿರಲಿಲ್ಲ.

"ಅವ್ವ ಹೇಳಿದ್ದನ್ನ ಕೂಗ್ತೀನಿ, ಮಾವ. ಪೂರಾ."

ಅವರದು ತಿಂಥಣಿ ಮೌನೇಶ್ವರನ ಒಕ್ಕಲು ಮನೆತನ. ಕೂಸು ಹುಟ್ಟಿದರೂ, ಕುರಿ ಉಣ್ಣೆ ಕತ್ತರಿಸಿದರೂ ಮೊದಲು ಆ ಮೌನಪ್ಪನ ಜಯಕಾರ. ಅದರಲ್ಲಿ ಒಂದು ಲಕ್ಷ ಎಂಬತ್ತು ಸಾವಿರದ ಎಣಿಕೆ ಬರುತ್ತದೆ, ಸೂಫಿ ಪೀರರು ಬರುತ್ತಾರೆ, ಮೌನಪ್ಪನನ್ನೇ ಪೈಗಂಬರ ಎಂದು ಕರೆಯುವ ಮಾತೂ ಬರುತ್ತದೆ. ಅಕ್ಷರ ಬಾರದ ಗಿರಿಯಮ್ಮ ಒಂದೇ ಉಸಿರಿಗೆ ಅದನ್ನು ಹೇಳುತ್ತಿದ್ದಳು. ಮೂರು ದಿನದ ಹಿಂದೆ, ನೀರೂ ಇಳಿಯದಾದಾಗ, ಮಗನ ಮುಂಗೈ ಹಿಡಿದಿದ್ದಳು. "ನನ್ನ ಎತ್ತುವಾಗ ಅರ್ಧಕ್ಕ ಬಿಡಬ್ಯಾಡ." ಅವನು "ಆತವ್ವ" ಎಂದಿದ್ದ.

"ಮೌನೇಶ್ವರ ಮಹಾರಾಜಗ ಜೈ ಅನ್ನು, ಮುಗೀತು," ಎಂದ ಹನುಮಂತರಾಯ. "ಪೀರ, ಪೈಗಂಬರ ಎಲ್ಲಾ ಯಾಕ? ಇಲ್ಲಿ ಎಲ್ಲಾರ ಕೈಯಾಗ ಮೊಬೈಲ್ ಅದಾವು. ಸಂಜಿಗೆ ಸಿಂಧನೂರಾಗ ನೋಡ್ತಾರ. ನಾಳಿ ಗೊಬ್ಬರದ ಅಂಗಡಿ ತಗದು ನಾ ಏನಂತ ಕುಂದ್ರಲಿ?"

"ಅಕ್ಕ ಸತ್ತ ದಿನಾನೂ ಅಂಗಡೀದ ಚಿಂತಿ ನೋಡು ಇವಂಗ," ಎಂದಳು ಹೆಂಗಸರ ನಡುವೆ ಕೂತಿದ್ದ ಮುದುಕಿ ಪಕೀರಮ್ಮ. ಯಾರೋ ನಕ್ಕು, ತಟ್ಟನೆ ಸುಮ್ಮನಾದರು.

ಹನುಮಂತರಾಯನ ಕಣ್ಣುಗಳು ಅತ್ತು ಬಾತಿದ್ದವು. ಅವನು ಗೋಡೆಯ ಕಡೆ ತಿರುಗಿದ. ಅಲ್ಲಿ ಪಕ್ಕದ ಮನೆಯ ಲಾಲ್‌ಬೀ ನಿಂತಿದ್ದಳು. ನಲವತ್ತು ವರ್ಷದ ನೆರೆ. ಬೆಳಿಗ್ಗೆ ಗಿರಿಯಮ್ಮನ ತಲೆ ಬಾಚಿದವಳು ಅವಳೇ.

"ಲಾಲ್‌ಬೀ, ನೀನ ಹೇಳು. ನಿಮ್ಮಲ್ಲಿ ಪೈಗಂಬರರು ಎಷ್ಟು ಮಂದಿ?"

"ಒಂದು ಲಕ್ಷ ಇಪ್ಪತ್ತನಾಕು ಸಾವಿರ ಅಂತಾರ್ರೀ. ಕುರಾನಿನಾಗ ಹೆಸರು ಇರೋದು ಇಪ್ಪತ್ತೈದು ಮಂದೀದು. ಉಳಿದವರು ಯಾವ ಮುಲಕಕ್ಕ, ಯಾವ ದೇಶಕ್ಕ ಬಂದಿದ್ರೋ, ಅಲ್ಲಾಗ ಗೊತ್ತು."

ವೆಂಕೋಬನ ಮುಖದಲ್ಲಿ ಆಸೆ ಮೂಡಿತು. "ಅಂದ್ರ ಮೌನಪ್ಪನೂ ಅದರಾಗ ಒಬ್ಬ ಇರಬೌದಲ್ಲ, ಚಿಗವ್ವ?"

ಲಾಲ್‌ಬೀ ಹೌದು ಎಂದಿದ್ದರೆ ಆ ಹೊತ್ತಿಗೆ ಎಲ್ಲ ಸಲೀಸಾಗುತ್ತಿತ್ತು.

"ಇಲ್ಲಪ್ಪ. ನಮ್ಮ ನಬಿ ಕಡೀ ಪೈಗಂಬರರು. ಅವರಾದ ಮ್ಯಾಲ ಯಾರೂ ಇಲ್ಲ. ಮೌನಪ್ಪ ದೊಡ್ಡ ಶರಣ, ತಿಂಥಣಿಗೆ ನಾನೂ ಹೋಗಿ ಬಂದೀನಿ. ಆದ್ರ ಆ ಮಾತು ನನ್ನ ಬಾಯಾಗ ಬರಂಗಿಲ್ಲ. ನಿಮ್ಮವ್ವಗೂ ಹೇಳಿದ್ದೆ."

"ಅವ್ವ ಏನಂದಳು?"

"'ನೀ ಅನಬ್ಯಾಡ, ನಾ ಅಂತೀನಿ' ಅಂದಳು."

"ಕೇಳಿದ್ಯಾ?" ಎಂದ ಹನುಮಂತರಾಯ. "ಅವ್ರೂ ಒಪ್ಪಂಗಿಲ್ಲ, ನಮ್ಮವ್ರೂ ಒಪ್ಪಂಗಿಲ್ಲ. ಯಾರಿಗೂ ಬ್ಯಾಡಾದ ಮಾತು ನಿನಗ್ಯಾಕ?" ಅವನ ದನಿಯಲ್ಲಿ ಗೆದ್ದ ಗತ್ತು ಇರಲಿಲ್ಲ; ದಣಿವಿತ್ತು.

ಮಾವ ಹೇಳಿದ್ದು ಸುಳ್ಳಲ್ಲ. ಆ ಮಾತಿಗೆ ಯಾವ ಗ್ರಂಥದಲ್ಲೂ ಜಾಗವಿರಲಿಲ್ಲ. ಇಷ್ಟು ವರ್ಷ ಅದು ಇದ್ದದ್ದು ಅವ್ವನ ಬಾಯಲ್ಲಿ. ಈಗ ಅರ್ಧಕ್ಕೆ ಬಿಟ್ಟರೆ ಯಾಕೆಂದು ಕೇಳುವವರೂ ಇರಲಿಲ್ಲ. ಕೇಳಬೇಕಾದವಳು ಹಸಿರು ಸೀರೆ ಹೊದ್ದು ಮಲಗಿದ್ದಳು.

ವೆಂಕೋಬ ಹೆಗಲ ಮೇಲಿನ ಟವೆಲ್ ತೆಗೆದು ಸೊಂಟಕ್ಕೆ ಸುತ್ತಿಕೊಂಡ. "ಎತ್ರಿ," ಎಂದ. ಆಮೇಲೆ ಕೂಗಿದ.

ಈವರೆಗೆ ಅವನು ಕೊನೆಗೆ ದನಿಗೂಡಿಸಿದ್ದನೇ ಹೊರತು ತಾನಾಗಿ ಎಂದೂ ಶುರು ಮಾಡಿದವನಲ್ಲ. ಸಾವಿರದ ಲೆಕ್ಕ ದಾಟಿತು, ಪೀರರು ದಾಟಿದರು. ಪೈಗಂಬರ ಎನ್ನುವಲ್ಲಿ ಮಾವನ ಮುಖ ಕಂಡಿತು. ಅಷ್ಟೇ ಗಟ್ಟಿಯಾಗಿ ಅದನ್ನೂ ಹೇಳಿ ಮುಗಿಸಿದ. ಕೆಲವರು ದನಿಗೂಡಿಸಿದರು, ಕೆಲವರು ನೆಲ ನೋಡಿದರು. ಲಾಲ್‌ಬೀ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು.

ಮೂವರು ಎತ್ತಿದರು. ನಾಲ್ಕನೆಯ ಮೂಲೆ ಮೇಲೇಳಲಿಲ್ಲ. ಸಿದಿಗೆ ವಾಲಿತು, ಗಿರಿಯಮ್ಮನ ತಲೆ ತಮ್ಮನ ಕಡೆಗೆ ಹೊರಳಿತು.

ಹನುಮಂತರಾಯ ಬಗ್ಗಿ ಬಿದಿರಿಗೆ ಹೆಗಲು ಕೊಟ್ಟ.

ವೆಂಕೋಬ ನೀರಿನ ಗಡಿಗೆ ಹಿಡಿದು ಮುಂದೆ ನಡೆದ. ಓಣಿ ತಿರುಗುವಲ್ಲಿ ಒಮ್ಮೆ ಹಿಂದೆ ನೋಡಿದ. ನಾಲ್ವರಲ್ಲಿ ಮಾವನೇ ಗಿಡ್ಡ. ಹೆಗಲು ಸಾಲದೆ ಅವನು ಬಿದಿರನ್ನು ಎರಡೂ ಅಂಗೈಯಿಂದ ಮೇಲಕ್ಕೆ ಒತ್ತಿ ಹಿಡಿದು, ತುದಿಗಾಲಿನಲ್ಲಿ ನಡೆಯುತ್ತಿದ್ದ.