ಹೊಲಿಗೆಗೆ ಬಿಟ್ಟ ಅಂಚು

ಎರಡನೆಯ ಕಾಲೂ ಚಟ್ ಎಂದು ಸೀಳಿತು. ಟೈಲರಕ್ಕ ಬಡಿಯುವ ಕೊಡತಿಯನ್ನು ಕೆಳಗಿಟ್ಟು ಮರವನ್ನೇ ದಿಟ್ಟಿಸಿ ನೋಡಿದಳು. ಸ್ಟೂಲಿನ ಕಾಲಿಗೆ ಕೊರೆದ ತೂತು, ಅದರೊಳಗೆ ಕೂರಬೇಕಿದ್ದ ಅಡ್ಡಪಟ್ಟಿಯ ನಾಲಿಗೆ, ಎರಡೂ ಬೇರೆ ಬೇರೆಯಾಗಿ ನೋಡಿದರೆ ಲಕ್ಷಣವಾಗಿಯೇ ಇದ್ದವು. ಒಂದಕ್ಕೊಂದು ಮಾತ್ರ ಆಗಿಬರುತ್ತಿರಲಿಲ್ಲ, ಒಂದೇ ಮನೆಯ ಓರಗಿತ್ತಿಯರ ಹಾಗೆ.

"ಉಳಿ ಮೊಂಡಾಗಿದೆ ಅಪ್ಪ."

"ಕುಣಿಯೋಕೆ ಬಾರದವಳು ನೆಲ ಡೊಂಕು ಅಂದಳಂತೆ." ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕೂತಿದ್ದ ಅಪ್ಪ ತಲೆ ಕೂಡ ಎತ್ತಲಿಲ್ಲ. ಐವತ್ತು ವರ್ಷ ಮರಗೆಲಸ ಮಾಡಿದ ಅವನ ಬಲಗೈ ತೊಡೆಯ ಮೇಲೆ ತನ್ನ ಪಾಡಿಗೆ ತಾನು ನಡುಗುತ್ತಿತ್ತು.

ಆ ಕೈ ನಡುಗಲು ಶುರುವಾದ ಮೇಲೆಯೇ ಇಷ್ಟೆಲ್ಲ ರಾದ್ಧಾಂತ. ಸಾಮಾನುಗಳು ಸುಮ್ಮನೆ ತುಕ್ಕು ಹಿಡಿಯುತ್ತವೆ ಎಂದು ಟೈಲರಕ್ಕನ ತಮ್ಮ ಒಬ್ಬ ಹೋಟೆಲಿನವನನ್ನು ಗೊತ್ತು ಮಾಡಿಕೊಂಡು ಬಂದಿದ್ದ. ಆತ ಹಳೆಯ ಉಳಿ, ಗರಗಸಗಳನ್ನೆಲ್ಲ ಗೋಡೆಗೆ ಅಂದಕ್ಕೆ ತೂಗುಹಾಕುತ್ತಾನಂತೆ. ಅಪ್ಪ ಹೂಂ ಅಂದುಬಿಟ್ಟ. ಕೇಳಿ ಅವಳ ಮೈಯೆಲ್ಲ ಉರಿದುಹೋಯಿತು. ಇಪ್ಪತ್ತೆರಡು ವರ್ಷದಿಂದ ಮಷಿನ್ನು ತುಳಿದು ಬೀದಿಯವರ ಬಾಯಲ್ಲಿ ಟೈಲರಕ್ಕ ಆಗಿದ್ದವಳಿಗೆ ಚಿಕ್ಕಂದಿನಿಂದ ಬೇಕಾಗಿದ್ದದ್ದು ಮರದ ಕೆಲಸ. ಹೆಣ್ಣುಮಗಳಿಗ್ಯಾಕೆ ಎಂದು ಆಗ ಅಪ್ಪ ತಮ್ಮನಿಗೆ ಕಲಿಸಲು ಹೋದ, ತಮ್ಮ ಜಪ್ಪಯ್ಯ ಅಂದರೂ ಕಲಿಯಲಿಲ್ಲ.

"ನನಗೆ ಕೊಡು" ಎಂದು ಸೋಮವಾರ ಅಪ್ಪನ ಮುಂದೆ ನಿಂತಿದ್ದಳು.

"ನೆನಪಿಗೆ ಇಟ್ಕೊಳ್ಳೋಕಾದ್ರೆ ಕೊಡಲ್ಲ. ಅದಕ್ಕೆ ಹೋಟೆಲ್ನವನೇ ಸಾಕು."

"ಕೆಲಸ ಮಾಡೋಕೆ."

ಅಪ್ಪ ಮೂರು ಕಾಲು, ಒಂದು ಪಟ್ಟಿ ಎತ್ತಿಕೊಟ್ಟ. "ಒಂದು ಜೋಡಣೆ ಮಾಡು. ಅಂಟಿಲ್ಲ, ಮೊಳೆ ಇಲ್ಲ. ಎತ್ತಿ ಹಿಡಿದ್ರೆ ಬೀಳಬಾರದು, ಅಂಗೈಲಿ ತಟ್ಟಿದ್ರೆ ಬಿಟ್ಟುಕೊಳ್ಳಬೇಕು. ಶನಿವಾರ ನಾಲ್ಕು ಗಂಟೆಗೆ ಅವನು ಬರ್ತಾನೆ, ಅಷ್ಟರೊಳಗೆ. ನಾನು ಬಾಯಿ ಬಿಡಲ್ಲ."

ಇವತ್ತು ಶನಿವಾರ, ಗಂಟೆ ಎರಡೂವರೆ. ಉಳಿದಿರುವುದು ಒಂದೇ ಕಾಲು. ಇದೂ ಹೋದರೆ ಸಾಮಾನು ಗೋಡೆಗೆ, ತಾನು ಮಷಿನ್ನಿಗೆ.

ಅವಳು ಹೊಸ ಕಾಲನ್ನು ಮುಟ್ಟಲಿಲ್ಲ. ಆತುರಗಾರನಿಗೆ ಬುದ್ಧಿ ಮಟ್ಟ ಎಂದು ತನಗೆ ತಾನೇ ಹೇಳಿಕೊಂಡು, ಸೀಳಿದ್ದನ್ನೇ ಕಿಟಕಿಯ ಬೆಳಕಿಗೆ ಹಿಡಿದಳು. ನಾಲಿಗೆಯ ಎರಡೂ ಕಡೆ ಪೆನ್ಸಿಲ್ ಗೆರೆ ಹಾಗೇ ಇತ್ತು. ಗೆರೆಯ ಆಚೆಗೆ ಅಕ್ಕಿಕಾಳಿನಷ್ಟು ಮರವೂ ಇತ್ತು. ತೂತನ್ನು ನೋಡಿದಳು. ಅಲ್ಲಿ ಗೆರೆಯವರೆಗೂ ಹೋಗದೆ ಒಳಗೇ ನಿಂತುಬಿಟ್ಟಿದ್ದಳು. ನಾಲಿಗೆ ದಪ್ಪ, ತೂತು ಚಿಕ್ಕದು. ಅದರ ಮೇಲೆ ಕೊಡತಿ ಏಟು ಬೇರೆ.

ಅವಳಿಗೆ ನಗು ಬಂತು. ಹೊಲಿಗೆಗೆ ಬಿಟ್ಟಿದ್ದಳು! ಇಪ್ಪತ್ತೆರಡು ವರ್ಷ ಗೆರೆಯ ಹೊರಗೆ ಕತ್ತರಿ ಆಡಿಸಿದ ಕೈ, ಮರಕ್ಕೂ ಒಳಗೆ ಮಡಚುವುದಕ್ಕೆ ಅಂಚು ಬಿಟ್ಟಿತ್ತು.

"ಅಪ್ಪ, ನಿನಗೆ ಮೊದಲೇ ಗೊತ್ತಿತ್ತು ಅಲ್ವಾ?"

"ಬಾಯಿ ಬಿಡಲ್ಲ ಅಂದಿದ್ದೆ." ಮೀಸೆಯ ಕೆಳಗೆ ಏನೋ ಸಣ್ಣಗೆ ಅಲುಗಿತು.

ಟೈಲರಕ್ಕ ಪೆನ್ಸಿಲ್ ಎಸೆದು ಚಾಕುವಿನಿಂದ ಗೆರೆ ಎಳೆದಳು. ಜಜ್ಜಿಹೋದ ನಾಲಿಗೆಯನ್ನು ಕುಯ್ದು ಬಿಸಾಡಿ, ಪಟ್ಟಿಯ ಇನ್ನೊಂದು ತುದಿಗೆ ಗರಗಸ ಇಟ್ಟಳು. ಪ್ರತಿ ಎಳೆತಕ್ಕೂ ಕೈ ಹೊರಕ್ಕೆ ಜಾರಲು ನೋಡುತ್ತಿತ್ತು, ಅವಳು ಹಲ್ಲು ಕಚ್ಚಿ ಗೆರೆಗೆ ತರುತ್ತಿದ್ದಳು. ಉಳಿದಿದ್ದ ಕಾಲಿಗೆ ತೂತನ್ನು ಒಂದು ಕಡೆಯಿಂದ ಅರ್ಧ, ತಿರುಗಿಸಿ ಇನ್ನೊಂದು ಕಡೆಯಿಂದ ಅರ್ಧ ಕೊರೆದಳು. ಕೊನೆಯ ಸಿಪ್ಪೆಯನ್ನು ಉಳಿಯಿಂದ ಗೆರೆಯವರೆಗೂ ನೆಟ್ಟಗೆ ಇಳಿಸಿದಳು.

ಅಷ್ಟರಲ್ಲಿ ತಮ್ಮ ಹೋಟೆಲಿನವನನ್ನು ಕರೆದುಕೊಂಡು ಬಂದ. ನಾಲ್ಕಕ್ಕೆ ಇನ್ನೂ ಹತ್ತು ನಿಮಿಷವಿತ್ತು. ನಾಲಿಗೆ ತೂತಿನೊಳಗೆ ಅರ್ಧ ಹೋಗಿ ನಿಂತಿತ್ತು.

"ಸ್ವಲ್ಪ ಸಡಿಲ ಮಾಡಿ ಒಂದು ಹನಿ ಅಂಟು ಹಾಕಕ್ಕ" ಎಂದು ತಮ್ಮ ಅವಳ ಕಿವಿಯಲ್ಲಿ ಉಸುರಿದ. "ಅಪ್ಪಂಗೆ ಎಲ್ಲಿ ಕಾಣುತ್ತೆ."

"ನನಗೆ ಕಾಣುತ್ತಲ್ಲೋ. ಸುಮ್ನೆ ಆ ಕಡೆ ನಿಂತ್ಕೋ, ಬೆಳಕು ಬರಲಿ."

ಕೊಡತಿ ಕೈಗೆಟುಕುವಷ್ಟು ಹತ್ತಿರದಲ್ಲೇ ಇತ್ತು. ಅವಳು ಮುಟ್ಟಲಿಲ್ಲ. ನಾಲಿಗೆಯನ್ನು ಹೊರಗೆಳೆದು ನೋಡಿದಳು. ಒಂದು ಕಡೆ ಉಜ್ಜಿ ಮಿರುಗುತ್ತಿತ್ತು. ಅಲ್ಲಿ ಮಾತ್ರ ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗೆ ಕೆತ್ತಿ, ಮತ್ತೆ ಇಟ್ಟು, ಅಂಗೈಯಿಂದ ಒತ್ತಿದಳು. ಮರ ಸಣ್ಣಗೆ ನರಳಿ ಒಳಗೆ ಕೂತಿತು.

ಅಪ್ಪ ಎದ್ದು ಬಂದ. ಎಡಗೈ ಚಾಚುತ್ತಾನೆ ಎಂದುಕೊಂಡಿದ್ದಳು, ಬಲಗೈ ಚಾಚಿದ. ಕಾಲನ್ನು ಹಿಡಿದು ಮೇಲಕ್ಕೆತ್ತಿದ. ಕೈ ನಡುಗಿತು, ಕಾಲು ನಡುಗಿತು, ತೂಗುತ್ತಿದ್ದ ಪಟ್ಟಿ ಗಡಗಡ ಅದುರಿತು. ಅಪ್ಪ ಇಳಿಸಲಿಲ್ಲ. ಎಷ್ಟು ಹೊತ್ತು ಹಾಗೆ ಹಿಡಿದಿದ್ದನೋ, ಪಟ್ಟಿ ಕೂದಲೆಳೆಯಷ್ಟೂ ಜಾರಲಿಲ್ಲ. ಆಮೇಲೆ ಎಡ ಅಂಗೈಯಿಂದ ಒಂದು ಸಲ ತಟ್ಟಿದ. ನಾಲಿಗೆ ಬಿಟ್ಟುಕೊಂಡು ಅವಳ ಕೈಗೆ ಬಂತು.

"ಬೇಜಾರು ಮಾಡ್ಕೋಬೇಡಿ" ಎಂದ ಅಪ್ಪ ಹೋಟೆಲಿನವನಿಗೆ. "ಈ ಸಾಮಾನಿಗೆ ಬಿಡುವಿಲ್ಲ."

ಆತ ತಮ್ಮನ ಮುಖ ನೋಡಿದ, ತಮ್ಮ ಅಕ್ಕನ ಮುಖ ನೋಡಿದ. ಇಬ್ಬರೂ ಹೊರಟುಹೋದರು. ಟೈಲರಕ್ಕನಿಗೆ ಅಳು ಒತ್ತರಿಸಿ ಬಂತು, ಸೆರಗಿನಿಂದ ಮೂಗು ಒರೆಸಿಕೊಂಡಳು.

ಅಪ್ಪ ಅದನ್ನು ನೋಡಲು ನಿಲ್ಲಲಿಲ್ಲ. ಒಳಗೆ ಹೋಗಿ ಮಂಚದಡಿಯಿಂದ ಗೋಣಿ ಸುತ್ತಿದ ಉದ್ದನೆಯ ಮರವೊಂದನ್ನು ಎಳೆದುಕೊಂಡು ಬಂದು ಬೆಂಚಿನ ಮೇಲೆ ಮಲಗಿಸಿದ. ಹಳೆಯ ತೇಗ, ಒಂದು ಗಂಟೂ ಇಲ್ಲದ್ದು.

"ಒಂಟಿ ಕಾಲಿನ ಮೇಲೆ ಯಾರು ಕೂತ್ಕೋತಾರೆ? ಇನ್ನೂ ಮೂರು ಬೇಕು."

ಅವಳು ಅಳತೆ ಹಿಡಿದು ಚಾಕುವಿನಿಂದ ಗೆರೆ ಎಳೆದಳು. ಮರದ ಇನ್ನೊಂದು ತುದಿಯನ್ನು ಅಪ್ಪ ಎರಡೂ ಕೈಯಿಂದ ಒತ್ತಿ ಹಿಡಿದುಕೊಂಡ.